ದಿನಾ ಬೈಬಲ್ ಓದಿದರೂ ಮನಸ್ಸಿಗೆ ಹತ್ತುವುದಿಲ್ಲ, ಏನು ಮಾಡಲಿ?

ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬೈಬಲ್ ಸ್ಟಡಿ ನಡೆಸುವವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. "ಅಕ್ಕಾ, ದಿನಾ ಬೆಳಿಗ್ಗೆ ಓದ್ತೀನಿ. ಎದ್ದು ಅಡುಗೆಮನೆಗೆ ಹೋಗೋ ಹೊತ್ತಿಗೆ ಏನು ಓದಿದೆ ಅಂತಾನೇ ನೆನಪಿರಲ್ಲ. ನನ್ನ ಬದುಕಿಗೂ ಅದಕ್ಕೂ ಸಂಬಂಧಾನೇ ಇಲ್ವೇನೋ ಅನ್ಸುತ್ತೆ. ಹೇಗೆ ಓದಬೇಕು?" ಹೀಗೆ ಕೇಳುವವರಲ್ಲಿ ಕಾಲೇಜು ಹುಡುಗರೂ ಇರುತ್ತಾರೆ, ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿಕೊಟ್ಟ ಹಿರಿಯರೂ ಇರುತ್ತಾರೆ. ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುವ ಗಡಿಬಿಡಿಯಲ್ಲಿ ಇದಕ್ಕೆ ಸರಿಯಾಗಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಇಷ್ಟೇ. ಬಿಡಿ ವಚನಗಳನ್ನು ಓದುವುದನ್ನು ಸ್ವಲ್ಪ ದಿನ ನಿಲ್ಲಿಸಿ. ಒಂದು ಪುಸ್ತಕವನ್ನು ಇಡಿಯಾಗಿ ಓದಿ. ಯಾವುದು ಅಂದರೆ, ಯಾಕೋಬನ ಪತ್ರಿಕೆ, ಹೊಸ ಒಡಂಬಡಿಕೆಯಲ್ಲಿರುವ ಒಂದು ಕಾಗದ. ಐದೇ ಅಧ್ಯಾಯ, 108 ವಚನ. ಜೋರಾಗಿ ಓದಿದರೂ ಒಂದೇ ಸಲ ಕೂತು ಮುಗಿಸಬಹುದು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಒಂದು ತಿಂಗಳು ಅದನ್ನು ಬಿಟ್ಟು ಬೇರೆ ಕಡೆ ಹೋಗಬೇಡಿ.

ನಮ್ಮಲ್ಲಿ ಬಹಳ ಜನರಿಗೆ ಬೈಬಲ್ ಅಂದರೆ ಬಿಡಿ ವಚನಗಳೇ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ತಟ್ಟೆ ತುಂಬ ವಾಗ್ದಾನದ ಕಾರ್ಡು, ಒಂದೊಂದರಲ್ಲೂ ಒಂದು ವಚನ, ಬರುತ್ತದೆ. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳುತ್ತೇವೆ. ವರ್ಷವಿಡೀ ಅದು ಫ್ರಿಜ್ಜಿನ ಬಾಗಿಲ ಮೇಲೆ. ಎಲ್ಲರೂ ಆಸೆಪಡುವ ಕಾರ್ಡು ಯೆರೆಮೀಯ 29:11. ನಿಮ್ಮ ಬಗ್ಗೆ ನನಗಿರುವ ಯೋಚನೆ ಕೇಡಿನದಲ್ಲ, ಒಳ್ಳೆಯದೇ, ನಿಮಗೆ ಮುಂದೆ ಒಳ್ಳೆಯ ದಿನ ಇದೆ ಎಂದು ದೇವರು ಹೇಳುವ ಮಾತು. ಪರೀಕ್ಷೆಗೆ ಹೋಗುವ ಮಗಳಿಗೆ, ವೀಸಾಕ್ಕೆ ಕಾಯುವ ಅಳಿಯನಿಗೆ ನಾವು ಕಳಿಸುವುದೂ ಇದನ್ನೇ.

ಕಳಿಸಬೇಡಿ ಅನ್ನುತ್ತಿಲ್ಲ. ಆದರೆ ಅದರ ಹಿಂದಿನ ವಚನ ಯಾವ ಕಾರ್ಡಿನಲ್ಲೂ ಇರುವುದಿಲ್ಲ ನೋಡಿ. ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಬರೆದ ಕಾಗದ ಅದು. ಬೇಗ ಊರಿಗೆ ವಾಪಸ್ ಹೋಗುತ್ತೇವೆ ಅಂತ ಜನ ನಂಬಿದ್ದರು, ಹಾಗೆ ನಂಬಿಸುವ ಪ್ರವಾದಿಗಳೂ ಇದ್ದರು. ಈತ ಬರೆದದ್ದು ಎಪ್ಪತ್ತು ವರ್ಷ ಅಂತ. ಅಲ್ಲಿಯವರೆಗೆ ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವು ಸೆರೆಯಾಗಿರುವ ಆ ಪಟ್ಟಣಕ್ಕೇ ಒಳ್ಳೆಯದಾಗಲಿ ಅಂತ ಪ್ರಾರ್ಥನೆ ಮಾಡಿ. ಎಪ್ಪತ್ತು ವರ್ಷ ಅಂದರೆ ಆ ಕಾಗದ ಕೇಳಿಸಿಕೊಂಡ ದೊಡ್ಡವರು ಯಾರೂ ವಾಪಸ್ ಬರುವ ಲೆಕ್ಕ ಇಲ್ಲ. ಇಷ್ಟು ತಿಳಿದ ಮೇಲೆ ಆ ವಚನ ಬೇರೆಯೇ ಆಗಿ ಕೇಳುತ್ತದೆ. ಅಳಿಯನ ವೀಸಾ ಬರದಿದ್ದರೂ ಅದು ಸುಳ್ಳಾಗುವುದಿಲ್ಲ.

ಇನ್ನು ಕೆಲವರು ಇದಕ್ಕೆ ಪೂರಾ ಉಲ್ಟಾ. ಒಂದು ವರ್ಷದಲ್ಲಿ ಇಡೀ ಬೈಬಲ್ ಮುಗಿಸುವ ಪಟ್ಟಿ ಹಿಡಿದು ಕೂರುತ್ತಾರೆ. ಪ್ರೊಟೆಸ್ಟೆಂಟರ 66 ಪುಸ್ತಕಗಳಲ್ಲಿ 1189 ಅಧ್ಯಾಯಗಳಿವೆ. ದಿನಕ್ಕೆ ಮೂರು ನಾಲ್ಕು ಬೀಳುತ್ತವೆ. ಜನವರಿಯಲ್ಲಿ ಆದಿಕಾಂಡ, ವಿಮೋಚನಕಾಂಡ ಓಡುತ್ತವೆ. ಅವುಗಳಲ್ಲಿ ಕಥೆ ಇದೆ, ಅಲ್ವಾ? ಫೆಬ್ರವರಿಗೆ ಯಾಜಕಕಾಂಡ ಬರುತ್ತದೆ. ಯಾವ ಯಜ್ಞಕ್ಕೆ ಯಾವ ಪ್ರಾಣಿ, ಕುಷ್ಠ ಕಂಡರೆ ಯಾಜಕ ಏನು ಮಾಡಬೇಕು, ಹೀಗೆ ಸಾಗುತ್ತದೆ. ಪಟ್ಟಿ ಅಲ್ಲಿಗೆ ನಿಂತುಹೋಗುತ್ತದೆ. ಹತ್ತೊಂಬತ್ತನೇ ಅಧ್ಯಾಯದವರೆಗೆ ಬರುವವರೇ ಕಡಿಮೆ. ಈ ಹತ್ತೊಂಬತ್ತನ್ನು ನೆನಪಿಡಿ, ಮತ್ತೆ ಬೇಕಾಗುತ್ತದೆ.

ಯಾಕೋಬನೇ ಯಾಕೆ? ಮೊದಲು ಆತ ಯಾರು ಅಂತ ಹೇಳಿಬಿಡುತ್ತೇನೆ. ಯೇಸುವಿನ ಶಿಷ್ಯರಲ್ಲಿ ಇಬ್ಬರು ಯಾಕೋಬರಿದ್ದರು. ಈತ ಅವರಲ್ಲ. ಸಭೆಯ ಪರಂಪರೆ ಹೇಳುವ ಪ್ರಕಾರ ಈತ ಕರ್ತನ, ಅಂದರೆ ಯೇಸುವಿನ, ತಮ್ಮ ಯಾಕೋಬ. ಪತ್ರಿಕೆಯನ್ನು ಆತನೇ ಬರೆದನೋ ಆತನ ಹೆಸರಿನಲ್ಲಿ ಬೇರೆಯವರು ಬರೆದರೋ ಅಂತ ಪಂಡಿತರಲ್ಲಿ ವಾದ ಇದ್ದೇ ಇದೆ. ಯೇಸು ಊರೂರು ತಿರುಗುತ್ತಿದ್ದಾಗ ಆತನ ತಮ್ಮಂದಿರೇ ಆತನನ್ನು ನಂಬಲಿಲ್ಲ ಎಂದು ಯೋಹಾನನ ಸುವಾರ್ತೆಯ ಏಳನೇ ಅಧ್ಯಾಯ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಸತ್ತು ಎದ್ದು ಬಂದ ಯೇಸು ಯಾಕೋಬನಿಗೂ ಕಾಣಿಸಿಕೊಂಡ ಅಂತ ಅಪೊಸ್ತಲ ಪೌಲ ಬರೆಯುತ್ತಾನೆ. ಆಮೇಲೆ ನೋಡಿದರೆ ಯೆರೂಸಲೇಮಿನ ಸಭೆಗೆ ಈ ತಮ್ಮನೇ ಮುಖ್ಯಸ್ಥ. ಕ್ರಿ.ಶ. 62ರಲ್ಲಿ ಮಹಾಯಾಜಕ ಅನ್ನನು ಇವನಿಗೆ ಕಲ್ಲೆಸೆದು ಕೊಲ್ಲುವ ಶಿಕ್ಷೆ ಕೊಡಿಸಿದ ಎಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ. ಪತ್ರಿಕೆಯಲ್ಲಿ ಯೇಸುವಿನ ಹೆಸರು ಬರುವುದು ಎರಡೇ ಸಲ. ಆದರೆ ಆಣೆ ಇಡಬೇಡಿ, ಹೌದಾದರೆ ಹೌದು ಅನ್ನಿ ಎನ್ನುವ ಮಾತು, ಕೂಡಿಟ್ಟ ಬಟ್ಟೆಗೆ ನುಸಿ ಹಿಡಿಯುವ ಮಾತು, ಕೇಳಿ ಸುಮ್ಮನಿರದೆ ಮಾಡಿ ಎನ್ನುವ ಮಾತು, ಇವೆಲ್ಲ ಯೇಸು ಬೆಟ್ಟದ ಮೇಲೆ ಮಾಡಿದ ಪ್ರಸಂಗದವೇ. ಅಣ್ಣನ ಮಾತು ತಮ್ಮನ ಬಾಯಲ್ಲಿ ಹಾಗೇ ಉಳಿದಿದೆ.

ಈಗ ಐದನೇ ಅಧ್ಯಾಯದ ನಾಲ್ಕನೇ ವಚನಕ್ಕೆ ಬನ್ನಿ. ನಿಮ್ಮ ಹೊಲ ಕೊಯ್ದವರ ಕೂಲಿಯನ್ನು ನೀವು ಹಿಡಿದುಕೊಂಡಿದ್ದೀರಿ, ಆ ಕೂಲಿಯೇ ಕೂಗಿಕೊಳ್ಳುತ್ತಿದೆ, ಕೊಯ್ದವರ ಕೂಗು ಕರ್ತನ ಕಿವಿಗೆ ಮುಟ್ಟಿದೆ. ಇದು ಶ್ರೀಮಂತರಿಗೆ ಹೇಳಿದ್ದು ಅಂತ ನಾವು ದಾಟಿಹೋಗುತ್ತೇವೆ. ನಮಗೆಲ್ಲಿ ಹೊಲ, ನಮಗೆಲ್ಲಿ ಕೊಯ್ಲಿನ ಆಳು? ಬೈಬಲ್ ಸ್ಟಡಿಯಲ್ಲಿ ಈ ವಚನ ಬಂದಾಗ ಹೆಚ್ಚಿನವರು ಹೀಗೇ ಇದ್ದರು. ಗಾರೆ ಕೆಲಸದ ಅಣ್ಣ ಒಬ್ಬರು ಮಾತ್ರ ತಲೆ ಎತ್ತಿ, "ಶನಿವಾರ ಬಟವಾಡೆ ಆಗದಿದ್ರೆ ಭಾನುವಾರ ಸಂತೆ ಇಲ್ಲ ಅಕ್ಕಾ. ಮೇಸ್ತ್ರಿ ಸೋಮವಾರ ಕೊಡ್ತೀನಿ ಅಂತಾನೆ. ಭಾನುವಾರ ಮನೇಲಿ ಏನು ಬೇಯಿಸೋದು?" ಅಂದರು. ಆ ಮೇಲೆ ಯಾರೂ ಹೊಲದ ಮಾತೆತ್ತಲಿಲ್ಲ. ಒಬ್ಬರಿಗೆ ಮನೆಕೆಲಸದವರು ಊರಿಗೆ ಹೋದ ದಿನಗಳ ಸಂಬಳ ಕತ್ತರಿಸಿದ್ದು ನೆನಪಾಯಿತು. ಇನ್ನೊಬ್ಬರಿಗೆ ಪೇಂಟರಿಗೆ ಕೊಡಬೇಕಾದ ಕೊನೆಯ ಕಂತು. ಸಂಬಳದವರೇ ಕೂತು ಓದಿದರೆ ಕಾಣದ್ದು ಕೂಲಿಯವರು ಜೊತೆಗಿದ್ದರೆ ಕಾಣುತ್ತದೆ. ಬೈಬಲ್ ಸ್ಟಡಿಗೆ ಯಾರು ಯಾರು ಬರುತ್ತಾರೆ ಅನ್ನುವುದು ಯಾವ ವ್ಯಾಖ್ಯಾನದ ಪುಸ್ತಕ ಇದೆ ಅನ್ನುವುದಕ್ಕಿಂತ ಮುಖ್ಯ ಅಂತ ನಾನು ಹೇಳುವುದು ಇದಕ್ಕೇ.

ಈಗ ಯಾಜಕಕಾಂಡ 19 ತೆಗೆಯಿರಿ. ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನ ಹತ್ತಿರ ಇರಬಾರದು ಎಂದು ಹದಿಮೂರನೇ ವಚನದಲ್ಲಿದೆ. ಹನ್ನೆರಡರಲ್ಲಿ ಸುಳ್ಳು ಆಣೆಯ ಮಾತು. ಹದಿನೈದರಲ್ಲಿ ಮುಖ ನೋಡಿ ನ್ಯಾಯ ಹೇಳಬೇಡ ಅಂತಿದೆ. ಹದಿನಾರರಲ್ಲಿ ಚಾಡಿ ಹೇಳುತ್ತಾ ತಿರುಗಬೇಡ. ಹದಿನೆಂಟರಲ್ಲಿ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಇವುಗಳನ್ನು ಪಕ್ಕಕ್ಕಿಟ್ಟುಕೊಂಡು ಯಾಕೋಬನನ್ನು ಓದಿ. ಎಲ್ಲವೂ ಅಲ್ಲಿವೆ. ನೆರೆಯವನ ಮಾತನ್ನಂತೂ ರಾಜಾಜ್ಞೆ ಅಂತಲೇ ಕರೆಯುತ್ತಾನೆ. ಆತ ಈ ಅಧ್ಯಾಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದ ಹಾಗಿದೆ. ನಾವು ಫೆಬ್ರವರಿಯಲ್ಲಿ ಬೇಸರ ಅಂತ ಮುಚ್ಚಿಡುವ ಪುಸ್ತಕದಿಂದ ಬಂದದ್ದು ಇದು! ಧರ್ಮೋಪದೇಶಕಾಂಡ 24ರಲ್ಲಿ ಇನ್ನೂ ಬಿಗಿ: ಹೊತ್ತು ಮುಳುಗುವ ಮುಂಚೆ ಕೊಡು, ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ. ಬಟವಾಡೆಯ ಮಾತನ್ನೇ ಮೋಶೆಯೂ ಹೇಳಿದ್ದಾನೆ.

ಅಧ್ಯಯನ ಅಂದರೆ ನನ್ನ ಲೆಕ್ಕದಲ್ಲಿ ಹೆಚ್ಚಿನ ಮಟ್ಟಿಗೆ ಇದೇ ಕೆಲಸ. ಒಂದು ಮಾತು ಯಾವ ಹಳೆಯ ಮಾತಿನ ಮೇಲೆ ನಿಂತಿದೆ ಅಂತ ಹಿಂದೆ ಹಿಂದೆ ಹೋಗುವುದು. ಗ್ರೀಕ್ ಹೀಬ್ರೂ ಬರಬೇಕಾಗಿಲ್ಲ. ಬಹಳಷ್ಟು ಕನ್ನಡ ಬೈಬಲುಗಳ ಪುಟದ ಅಡಿಯಲ್ಲೋ ಪಕ್ಕದಲ್ಲೋ ಚಿಕ್ಕ ಅಕ್ಷರದಲ್ಲಿ ಬೇರೆ ವಚನಗಳ ಸಂಖ್ಯೆ ಇರುತ್ತದೆ. ಕನ್ನಡಕ ಹಾಕಿಕೊಂಡು ಅವನ್ನು ನೋಡುವ ತಾಳ್ಮೆ ಇದ್ದರೆ ಸಾಕು.

ಎರಡನೇ ಅಧ್ಯಾಯದ ಶುರು ನನಗೆ ಪ್ರತಿ ಸಲ ಮುಜುಗರ ತರುತ್ತದೆ. ಸಭೆಗೆ ಇಬ್ಬರು ಬರುತ್ತಾರೆ. ಒಬ್ಬನ ಬೆರಳಲ್ಲಿ ಚಿನ್ನದ ಉಂಗುರ, ಮೈಮೇಲೆ ಥಳಥಳ ಬಟ್ಟೆ. ಇನ್ನೊಬ್ಬನದು ಕೊಳಕು ಬಟ್ಟೆ. ಮೊದಲನೆಯವನಿಗೆ "ಬನ್ನಿ, ಇಲ್ಲಿ ಕೂತ್ಕೊಳ್ಳಿ", ಎರಡನೆಯವನಿಗೆ "ನೀನು ಅಲ್ಲಿ ನಿಲ್ಲು". ಇದನ್ನು ಓದುತ್ತಾ ನಮ್ಮ ಸುಗ್ಗಿ ಹಬ್ಬದ ಹರಾಜು ನೆನಪಾಗದಿದ್ದರೆ ಕೇಳಿ. ಒಂದು ಕುಂಬಳಕಾಯಿಗೆ ಸಾವಿರ ಸಾವಿರ ಕೂಗಿದವರ ಹೆಸರು ಮೈಕಿನಲ್ಲಿ ಮೂರು ಸಲ ಬರುತ್ತದೆ. ಆ ಕಾಯಿ ಬೆಳೆದು ತಂದವರ ಹೆಸರು ಒಂದು ಸಲವೂ ಇಲ್ಲ. ಹರಾಜು ಬೇಡ ಅಂತಲ್ಲ, ಸಭೆಯ ಛಾವಣಿಗೆ ಹಣ ಬೇಕು. ಮೈಕಿನಲ್ಲಿ ಇನ್ನೊಂದು ಹೆಸರು ಹೇಳಲು ಖರ್ಚೇನೂ ಇಲ್ಲವಲ್ಲ. ಓದಿದ್ದು ಬದುಕಿಗೆ ಇಳಿಯುವುದು ಇಷ್ಟು ಸಣ್ಣ ಜಾಗಗಳಲ್ಲೇ.

ಇಲ್ಲಿ ಯಾರಾದರೂ ಕೈ ಎತ್ತುತ್ತಾರೆ. "ರಕ್ಷಣೆ ನಂಬಿಕೆಯಿಂದ ಅಂತ ಪೌಲ ಹೇಳಿಲ್ವಾ? ಇವನು ಕ್ರಿಯೆ ಕ್ರಿಯೆ, ಒಳ್ಳೆ ಕೆಲಸ ಬೇಕು ಅಂತಾನೆ!" ಒಳ್ಳೆಯ ಪ್ರಶ್ನೆ, ಹಳೆಯದೂ ಹೌದು. ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ 1522ರ ತನ್ನ ಜರ್ಮನ್ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಯಾಕೋಬನ ಪತ್ರಿಕೆಯನ್ನು ಬರೀ ಹುಲ್ಲು ಎಂದು ಕರೆದುಬಿಟ್ಟ. ಇಬ್ರಿಯ, ಯೂದ, ಪ್ರಕಟನೆ ಎಂಬ ಪುಸ್ತಕಗಳ ಜೊತೆ ಅದನ್ನೂ ಪುಸ್ತಕದ ಕೊನೆಗೆ ತಳ್ಳಿದ. ಲೂಥರ್ ಮೇಲೆ ನನಗೆ ಗೌರವ ಇದೆ, ಆದರೆ ಇಲ್ಲಿ ಆತನ ಮಾತು ಒಪ್ಪುವುದಿಲ್ಲ. ಯಾಕೋಬ ಯಾವ ನಂಬಿಕೆಯನ್ನು ಬಯ್ಯುತ್ತಿದ್ದಾನೆ ಅಂತ ನೋಡಿ. ಉಡಲು ಇಲ್ಲದ, ಉಣ್ಣಲು ಇಲ್ಲದ ತಂಗಿಗೆ "ಸಮಾಧಾನದಿಂದ ಹೋಗು, ಬೆಚ್ಚಗಿರು, ಹೊಟ್ಟೆ ತುಂಬ ಊಟ ಮಾಡು" ಅಂತ ಬಾಯಲ್ಲಿ ಹೇಳಿ ಏನೂ ಕೊಡದೆ ಕಳಿಸುವ ನಂಬಿಕೆ. ದೇವರು ಒಬ್ಬನೇ ಅಂತ ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ, ನಿನ್ನದೇನು ಹೆಚ್ಚು ಅಂತ ಕೇಳುತ್ತಾನೆ. ಪೌಲನೂ ಗಲಾತ್ಯದವರಿಗೆ ಬರೆಯುವಾಗ ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆ ಬೇಕು ಅಂದಿದ್ದಾನೆ. ಒಬ್ಬ ಮಾತಾಡುತ್ತಿರುವುದು ದೇವರ ಹತ್ತಿರ ಬರುವ ಬಾಗಿಲ ಬಗ್ಗೆ, ಇನ್ನೊಬ್ಬ ಬಂದವರ ಮನೆ ಹೇಗಿದೆ ಅನ್ನುವುದರ ಬಗ್ಗೆ.

ನಾಲಿಗೆಯ ಅಧ್ಯಾಯ, ಅಂದರೆ ಮೂರನೆಯದು, ಎಲ್ಲರಿಗೂ ಗೊತ್ತಿರುವುದೇ. ವಾಟ್ಸಾಪಿನಲ್ಲಿ ಫಾರ್ವರ್ಡ್ ಒತ್ತುವ ಬೆರಳಿಗೂ ಅದು ಸಲ್ಲುತ್ತದೆ ಅಂತ ಮಾತ್ರ ಸೇರಿಸುತ್ತೇನೆ.

ನಾಲ್ಕನೆಯದರಲ್ಲಿ "ಕರ್ತನ ಚಿತ್ತವಾದರೆ" ಇದೆ. ಮದುವೆ ಕರೆಯೋಲೆಯಲ್ಲಿ ಅಚ್ಚು ಹಾಕಿಸುತ್ತೇವಲ್ಲ, ಅದೇ. ಯಾಕೋಬ ಅದನ್ನು ಹೇಳಿದ್ದು ವ್ಯಾಪಾರಿಗಳಿಗೆ. ಇವತ್ತೋ ನಾಳೆಯೋ ಇಂಥ ಪಟ್ಟಣಕ್ಕೆ ಹೋಗಿ, ಒಂದು ವರ್ಷ ಇದ್ದು, ವ್ಯಾಪಾರ ಮಾಡಿ ಲಾಭ ತೆಗೆಯುತ್ತೇವೆ ಎಂದು ಲೆಕ್ಕ ಹಾಕಿದವರಿಗೆ. ನಾಳೆ ಏನಾಗುತ್ತದೋ ನಿಮಗೆ ಗೊತ್ತಿಲ್ಲ ಅನ್ನುತ್ತಾನೆ. ಕರೆಯೋಲೆಯ ಜೊತೆಗೆ ಮದುವೆಗೆ ಮಾಡುವ ಸಾಲದ ಪತ್ರದ ಮೇಲೂ ಅದನ್ನು ಅಚ್ಚು ಹಾಕಿಸಿದರೆ ಸ್ವಲ್ಪ ಯೋಚನೆ ಬಂದೀತು.

ಹಾಗಾದರೆ ದಿನಾ ಏನು ಮಾಡಬೇಕು? ಮೊದಲ ವಾರ ಇಡೀ ಪತ್ರಿಕೆಯನ್ನು ದಿನಕ್ಕೊಂದು ಸಲ ಓದಿ, ಏನೂ ಬರೆಯಬೇಡಿ. ಆಮೇಲೆ ದಿನಕ್ಕೆ ನಾಲ್ಕೈದು ವಚನ ಸಾಕು. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಇದು ಯಾರಿಗೆ ಹೇಳಿದ ಮಾತು, ಇದರ ಹಿಂದೆ ಯಾವ ಹಳೆಯ ಮಾತಿದೆ ಅಂತ ಎರಡು ಸಾಲು. ಕೆಳಗೆ ಇನ್ನೊಂದು ಸಾಲು, ಅದರಲ್ಲಿ ಒಂದು ಹೆಸರು ಇರಲೇಬೇಕು. "ಎಲ್ಲರನ್ನೂ ಪ್ರೀತಿಸಬೇಕು" ಅಂತ ಬರೆದರೆ ಏನೂ ಆಗುವುದಿಲ್ಲ. ಪೇಂಟರ್ ಹೆಸರು ಬರೆಯಿರಿ, ಎಷ್ಟು ಬಾಕಿ ಅಂತಲೂ ಬರೆಯಿರಿ. ಕೇಳಿ ಮರೆಯುವವನನ್ನು ಯಾಕೋಬ ಕನ್ನಡಿಯಲ್ಲಿ ಮುಖ ನೋಡಿಕೊಂಡು ಆಚೆ ಹೋಗುತ್ತಲೇ ತಾನು ಹೇಗಿದ್ದೆ ಅಂತ ಮರೆತವನಿಗೆ ಹೋಲಿಸುತ್ತಾನೆ. ಬರೆದಿಟ್ಟರೆ ಮರೆಯುವುದು ಅಷ್ಟು ಸುಲಭ ಅಲ್ಲ.

ನೆಮ್ಮದಿಯ ಮಾತು ಬೇಡವೇ ಅಂತ ಕೇಳಬಹುದು. ಕಾಯಿಲೆಯಲ್ಲಿ, ಸಾವಿನ ಮನೆಯಲ್ಲಿ ಯಾಕೋಬನನ್ನು ತೆಗೆಯಬೇಡಿ. ಅಲ್ಲಿಗೆ ಕೀರ್ತನೆಗಳೇ ಸರಿ. ಆದರೆ ಐದನೇ ಅಧ್ಯಾಯದ ಕೊನೆಯಲ್ಲಿ ಆತನೂ ಮೆತ್ತಗಾಗುತ್ತಾನೆ. ಕಾಯಿಲೆ ಬಿದ್ದವರು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಲಿ, ಒಬ್ಬರ ತಪ್ಪನ್ನು ಇನ್ನೊಬ್ಬರ ಹತ್ತಿರ ಹೇಳಿಕೊಳ್ಳಿ ಅನ್ನುತ್ತಾನೆ.

ತಿಂಗಳು ಮುಗಿದ ಮೇಲೆ ಮುಂದಿನದು ಯಾವುದು ಅಂತ ಕೇಳುವವರಿಗೆ: ಪ್ರವಾದಿ ಆಮೋಸನ ಪುಸ್ತಕ. ಒಂಬತ್ತು ಅಧ್ಯಾಯ. ಆತ ತೆಕೋವ ಊರಿನ ಕುರುಬ, ಅತ್ತಿಹಣ್ಣಿನ ಕೆಲಸವನ್ನೂ ಮಾಡುತ್ತಿದ್ದವನು. ಕೆಲಸ ನಿಲ್ಲಿಸಬೇಕಾದ ಸಬ್ಬತ್ ದಿನ ಯಾವಾಗ ಮುಗಿಯುತ್ತದೋ, ಅಳತೆ ಕಿರಿದು ಮಾಡಿ, ತಕ್ಕಡಿಯಲ್ಲಿ ಮೋಸ ಮಾಡಿ ಗೋಧಿ ಮಾರುವುದು ಯಾವಾಗಲೋ ಎಂದು ಆರಾಧನೆಯಲ್ಲಿ ಕೂತೇ ಕಾಯುವವರ ಬಗ್ಗೆ ಎಂಟನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಅಂಗಡಿ ಇಟ್ಟಿರುವವರು ಒಬ್ಬರಾದರೂ ಜೊತೆಗಿದ್ದರೆ ಓದು ಚೆನ್ನಾಗಿ ನಡೆಯುತ್ತದೆ.