ಪುಲಾಕಾ ಹೊಂಡ, ಕಗ್ಗದ ಗದ್ದೆ

ಜುಲೈ 24, 2025, ಗುರುವಾರ. ಆಕ್ಲೆಂಡ್

ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೇ ಬಂತು, ನಿದ್ದೆ ಹತ್ತಿರ ಸುಳಿಯಲಿಲ್ಲ. ಹೊರಗೆ ಜಿಟಿಜಿಟಿ ಮಳೆ. ಎದ್ದು ಕೂತು ಬರೆಯುತ್ತಿದ್ದೇನೆ.

ರಾತ್ರಿ ಒಂದು ಗಂಟೆ. ಅಜ್ಜ ಅಜ್ಜಿಯರೆಲ್ಲ ಮಲಗಿದ ಮೇಲೆ ವೃದ್ಧಾಶ್ರಮದ ಅಡುಗೆಮನೆಯಲ್ಲಿ ನಾನು, ನನ್ನ ಜೊತೆ ಪಾಳಿಯ ತುವಾಲು ಅಕ್ಕ (ತುವಾಲು ಅಂದರೆ ಪೆಸಿಫಿಕ್ ಕಡಲಿನ ಪುಟ್ಟ ದ್ವೀಪದೇಶ) ಒಂದೇ ಫೋನಿಗೆ ಕಣ್ಣಿಟ್ಟು ಕೂತಿದ್ದೆವು. ಹೇಗ್‌ನಲ್ಲಿ ಆಗ ಮಧ್ಯಾಹ್ನ ಮೂರು. ಅಂತರರಾಷ್ಟ್ರೀಯ ನ್ಯಾಯಾಲಯ ಹವಾಮಾನದ ಬಗ್ಗೆ ತನ್ನ ಅಭಿಪ್ರಾಯ ಓದುತ್ತಿತ್ತು. ಬೆಲ್ ಹೊಡೆದರೆ ಒಬ್ಬರು ಓಡುವುದು, ತಿರುಗಿ ಬಂದಮೇಲೆ ಇನ್ನೊಬ್ಬರು ಕಥೆ ಹೇಳುವುದು. 2019ರಲ್ಲಿ ಪೆಸಿಫಿಕ್‌ನ ಇನ್ನೊಂದು ದ್ವೀಪದೇಶ ವನುವಾಟುವಿನ ತರಗತಿಯೊಂದರಲ್ಲಿ 27 ಕಾನೂನು ವಿದ್ಯಾರ್ಥಿಗಳು ಎತ್ತಿದ ಮಾತು ಅಲ್ಲಿವರೆಗೆ ಹೋಗಿ ಮುಟ್ಟಿದೆ. ಹದಿನೈದೂ ನ್ಯಾಯಾಧೀಶರು ಒಮ್ಮತ.

ದೊಡ್ಡ ದೇಶಗಳು ಪರಿಹಾರ ಕೊಡಬೇಕಾಗಬಹುದು ಅನ್ನುವ ಭಾಗ ಬಂದಾಗ ಅಕ್ಕನ ಮುಖ ನೋಡಿದೆ. ಏನೂ ಇಲ್ಲ, ಚಹಾ ಕಲಕುತ್ತಿದ್ದರು. ನೆಲ ಮುಳುಗಿದರೂ ದೇಶ ಇಲ್ಲವಾಗಬೇಕೆಂದಿಲ್ಲ, ಸಮುದ್ರದ ಗಡಿಯನ್ನು ಮತ್ತೆ ಗುರುತಿಸಬೇಕಾಗಿಲ್ಲ ಎಂದಾಗ ಮಾತ್ರ ಚಮಚ ನಿಂತಿತು. "ಇನ್ನೊಂದು ಸಲ ಹಾಕು" ಅಂದರು. ಹಾಕಿದೆ.

ಯಾಕೆಂದು ಆಮೇಲೆ ತಿಳಿಯಿತು. ತುವಾಲುವಿನ ನೆಲ ಒಟ್ಟು 26 ಚದರ ಕಿಲೋಮೀಟರ್, ಜನ ಹನ್ನೊಂದು ಸಾವಿರದ ಆಸುಪಾಸು. ಶಿರಸಿ ಜಾತ್ರೆಯ ಒಂದು ರಾತ್ರಿಗೂ ಸಾಲದು. ಆದರೆ ಸುತ್ತಲಿನ ಲಕ್ಷಗಟ್ಟಲೆ ಚದರ ಕಿಲೋಮೀಟರ್ ಕಡಲು ಅವರದು. ಅಲ್ಲಿ ಟ್ಯೂನಾ ಹಿಡಿಯಲು ಪರದೇಶದ ಹಡಗುಗಳು ಕೊಡುವ ಲೈಸೆನ್ಸ್ ಹಣವೇ ಸರ್ಕಾರದ ದೊಡ್ಡ ಆದಾಯ. ದಡ ಹೋದರೆ ದಡದಿಂದ ಅಳೆದ ಕಡಲೂ ಹೋಗಬೇಕಲ್ಲ? ಅದಕ್ಕೇ 2023ರಲ್ಲಿ ಅವರು ಸಂವಿಧಾನಕ್ಕೇ ತಿದ್ದುಪಡಿ ತಂದು, ನೆಲ ಹೋದರೂ ದೇಶ ಇರುತ್ತದೆ ಎಂದು ಬರೆದುಕೊಂಡಿದ್ದು. ದ್ವೀಪದವರು ಹವಾಮಾನ ಸಮ್ಮೇಳನಕ್ಕೆ ಬರುವುದೇ ದುಡ್ಡು ಕೇಳಲಿಕ್ಕೆ ಅಂತ ಇಷ್ಟು ದಿನ ನಾನೂ ಅಂದುಕೊಂಡಿದ್ದೆ. ಆದರೆ ಅಕ್ಕನ ಲೆಕ್ಕದಲ್ಲಿ ಮೊದಲು ಭೂಮಿಯ ಬಿಸಿ ಒಂದೂವರೆ ಡಿಗ್ರಿಗಿಂತ ಹೆಚ್ಚು ಏರದಿರುವುದು, ಆಮೇಲೆ ಗಡಿ, ದುಡ್ಡು ಕೊನೆಗೆ. ಹಾಗಂತ ದುಡ್ಡಿನ ಮಾತು ಹೊಸದೂ ಅಲ್ಲ. ಕಡಲೇರಿಕೆಗೆ ವಿಮೆ ಬೇಕು, ಶ್ರೀಮಂತ ದೇಶಗಳು ಕಂತು ಕಟ್ಟಲಿ ಎಂದು ವನುವಾಟು 1991ರಲ್ಲೇ ಕೇಳಿತ್ತು. ನಷ್ಟಕ್ಕೊಂದು ನಿಧಿ ಬೇಕೆಂದು ಎಲ್ಲರೂ ಒಪ್ಪಿದ್ದು 2022ರಲ್ಲಿ. ಅದರ ನಡುವೆ 2015ರ ಪ್ಯಾರಿಸ್ ಸಮ್ಮೇಳನದಲ್ಲಿ, ಈ ನಷ್ಟದ ಮಾತಿನಿಂದ ಹೊಣೆಗಾರಿಕೆಯಾಗಲಿ ಪರಿಹಾರವಾಗಲಿ ಹುಟ್ಟುವುದಿಲ್ಲ ಎಂದು ಒಂದು ಸಾಲು ಸೇರಿಸಿಯೇ ದೊಡ್ಡವರು ಒಪ್ಪಿದ್ದು. ಬಡ್ಡಿ ವ್ಯಾಪಾರಿಗಳಿಗೂ ಇಷ್ಟು ಬುದ್ಧಿ ಇರಲಿಕ್ಕಿಲ್ಲ.

"ನಿಮ್ಮವರು ಏನು ಹೇಳಿದ್ದರು ಅಲ್ಲಿ?" ಅಂತ ಅಕ್ಕ ಕೇಳಿಬಿಟ್ಟರು.

ಗಂಟಲಲ್ಲಿ ಬಿಸ್ಕೆಟ್ ಸಿಕ್ಕಿಕೊಂಡಿತು. ಇರುವ ಒಪ್ಪಂದಗಳಾಚೆ ಹೊಸ ಹೊಣೆ ಹೊರಿಸಬೇಡಿ ಎಂದು ಡಿಸೆಂಬರಿನಲ್ಲಿ ಭಾರತ ಅದೇ ಕೋರ್ಟಿನಲ್ಲಿ ವಾದಿಸಿತ್ತು. 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಕಲ್ಲಿದ್ದಲನ್ನು 'ನಿಲ್ಲಿಸುವುದು' ಎಂದಿದ್ದದ್ದನ್ನು ಕೊನೇ ಗಳಿಗೆಯಲ್ಲಿ 'ತಗ್ಗಿಸುವುದು' ಮಾಡಿಸಿದ್ದೂ ನಮ್ಮವರೇ. ನಾವು ತಲಾ ಉಗುಳುವ ಹೊಗೆ ಜಗತ್ತಿನ ಸರಾಸರಿಯ ಅರ್ಧವೂ ಇಲ್ಲ, ಮೊದಲು ಉಗುಳಿದವರು ಬೇರೆ ಎಂದೆಲ್ಲ ಹೇಳಿದೆ. ಸುಳ್ಳೇನಲ್ಲ. ಅವರು "ಹೌದು, ಸರಿ" ಎಂದರು. ಜಗಳವಾಡಿದ್ದರೆ ಚೆನ್ನಾಗಿತ್ತು.

ನಾಲ್ಕು ಗಂಟೆಗೆ ಮೂರನೇ ರೂಮಿನ ಅಜ್ಜಿ ಎದ್ದು, ಬಸ್ ಬಂತಾ ಎಂದು ಕೇಳಿದರು. ಬರುತ್ತದೆ, ಮಲಗಿ ಎಂದೆ. ದಿನವೂ ಇದೇ.

ಹೊರಡುವ ಮುಂಚೆ ಅಕ್ಕ ಪುಲಾಕಾ ವಿಷಯ ತೆಗೆದರು. ಅದು ನಮ್ಮ ಕೆಸುವಿನ ಜಾತಿಯದೇ, ಗೆಡ್ಡೆ ಮಾತ್ರ ದೊಡ್ಡದು. ಸಿಹಿನೀರು ಸಿಗುವಷ್ಟು ಆಳದ ಹೊಂಡ ತೋಡಿ, ಎಲೆ ಗೊಬ್ಬರ ಹಾಕಿ ಬೆಳೆಯುತ್ತಾರೆ. ಉಪ್ಪುನೀರು ದಡ ದಾಟಿಯೇ ಬರಬೇಕೆಂದಿಲ್ಲವಂತೆ, ಹವಳದ ನೆಲ ಜರಡಿ ಇದ್ದಹಾಗೆ, ಅಡಿಯಿಂದಲೇ ಏಳುತ್ತದೆ. ಎಲೆ ಹಳದಿಯಾಗಿ ಗೆಡ್ಡೆ ಕೊಳೆಯುತ್ತದೆ. ಅವರಮ್ಮನ ಹೊಂಡ ಹಾಗೇ ಹೋಯಿತು.

ನಮ್ಮ ಕಡೆ ಉಪ್ಪು ತಡೆಯುವ ಭತ್ತ ಇದೆ ಎಂದುಬಿಟ್ಟೆ. ಕುಮಟೆಯ ಗಜನಿ ಎಂಬ ಉಪ್ಪುನೀರಿನ ಗದ್ದೆ, ಅಲ್ಲಿ ಬೆಳೆಯುವ ಕಗ್ಗ ಭತ್ತ, ನೀರು ತಡೆಯುವ ಕಟ್ಟು, ಎಲ್ಲ ಹೇಳಿದೆ. ಅಕ್ಕನ ಕಣ್ಣು ಅಗಲವಾಯಿತು. "ಬೀಜ ಸಿಗುತ್ತದಾ?"

ಈಗ ಆಯಿಗೆ ಫೋನ್ ಮಾಡಿದ್ದೆ. ಅಲ್ಲಿ ಬೆಳಗಿನ ಆರೂವರೆ. "ಮಾಣಿಕಟ್ಟೆಯಲ್ಲಿ ಯಾರ ಹತ್ತಿರವಾದರೂ ಇರಬಹುದು. ನಮ್ಮದು ಎಲ್ಲಿ ಮಾರಾಯ್ತಿ, ಸೀಗಡಿ ಹೊಂಡಕ್ಕೆ ಕೊಟ್ಟು ಎಷ್ಟು ವರ್ಷ ಆಯ್ತು. ಈಗ್ಯಾಕೆ ನಿಂಗೆ ಕಗ್ಗ?"

ಎಲ್ಲಿಂದ ಶುರು ಮಾಡಲಿ. ಇಲ್ಲಿಗೆ ಒಂದು ಕಾಳು ತರಲಿಕ್ಕೂ ಏರ್‌ಪೋರ್ಟಿನಲ್ಲಿ ಬಿಡುವುದಿಲ್ಲ, ಅದು ಬೇರೆ ಮಾತು. ನಮ್ಮ ಗಜನಿಯದು ಕೆಸರು ಮಣ್ಣು, ಅಲ್ಲಿಯದು ಹವಳದ ಮರಳು. ಅದೂ ಅಡಿಯಿಂದ ಏಳುವ ಉಪ್ಪಿಗೆ ಕಟ್ಟು ಎಲ್ಲಿ ಕಟ್ಟುವುದು, ನಾಳೆ ಪಾಳಿಗೆ ಹೋದಾಗ ಅಕ್ಕ ಕೇಳಿದರೆ