ಉಘೇ ಮಾದಪ್ಪ ಎಂದು ಕೂಗುವ ಸುಖ

ಮಲೆ ಮಹದೇಶ್ವರ ಬೆಟ್ಟದಲ್ಲಿ ಒಬ್ಬರು ‘ಉಘೇ’ ಅಂದರೆ ಸಾಕು, ಹಿಂದೆ ಮುಂದೆ ಇದ್ದವರೆಲ್ಲ ‘ಉಘೇ ಮಾದಪ್ಪ’ ಎನ್ನುತ್ತಾರೆ. ಕೂಗಿದ್ದು ಯಾರು, ಯಾವ ಊರಿನವರು ಅಂತ ಯಾರೂ ವಿಚಾರಿಸುವುದಿಲ್ಲ. ಮಂತ್ರ ಬಾರದವರಿಗೆ, ಹಾಡಲು ನಾಚುವವರಿಗೆ ಇದಕ್ಕಿಂತ ಸುಲಭದ ಪೂಜೆ ನನಗೆ ಗೊತ್ತಿಲ್ಲ.

ಈ ಜೈಕಾರ ಬಹಳ ಹಳೆಯದು. ಶಿವಶರಣರ ಸಾಹಿತ್ಯದಲ್ಲೇ ‘ಉಘೇ ಚಾಂಗು ಭಲಾ’ ಎಂಬ ಹೊಗಳಿಕೆ ಸಿಗುತ್ತದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ‘ಏಳು ಕೋಟಿಗೋ ಚಾಂಗಭಲೋ’ ಎಂದು ಕೂಗುತ್ತಾರಲ್ಲ, ಅಲ್ಲೂ ಆ ಚಾಂಗುಭಲಾ ಕೇಳಿಸುತ್ತದೆ. ಸವದತ್ತಿ ಯಲ್ಲಮ್ಮನಿಗೆ ‘ಉಧೋ ಉಧೋ’. ನಮ್ಮ ಹನೂರು, ಕೊಳ್ಳೇಗಾಲದ ಕಡೆ ಮಾದಪ್ಪನಿಗೆ ಉಘೇ.

ಇದರ ಬಲ ತಿಳಿಯಬೇಕಾದರೆ ಕಂಚಿನ ತಾಳ ಬಾರಿಸುತ್ತಾ ಮಾದಪ್ಪನ ಕಥೆ ಹಾಡುವ ಕಂಸಾಳೆಯವರ ಮುಂದೆ ಕೂರಬೇಕು. ಮುಂದಾಳು ಏಳು ಎಪ್ಪತ್ತೇಳು ಮಲೆಯ ಒಡೆಯನ ಮಹಿಮೆ ಹಾಡುತ್ತಾ ಹೋಗುತ್ತಾರೆ, ಹಿಮ್ಮೇಳದವರು ದನಿ ಸೇರಿಸುತ್ತಾರೆ. ನಡುನಡುವೆ ಬರುವ ಉಘೇಯಿಂದ ಹಾಡುವವರಿಗೆ ಉಸಿರು ಸಿಗುತ್ತದೆ, ತೂಕಡಿಸುವವರಿಗೆ ಎಚ್ಚರವಾಗುತ್ತದೆ. ಕಥೆಯಲ್ಲಿ ರಾಕ್ಷಸ ಶ್ರವಣಾಸುರ ಮಾದಪ್ಪನಿಗೆ ಸೋತಾಗ ಬರುವ ಉಘೇ ಗೆಲುವಿನದು. ಸಂಕಮ್ಮನ ಸಾಲಿನಲ್ಲಿ, ಅಂದರೆ ಅವಳ ಕಥೆ ಬರುವ ಭಾಗದಲ್ಲಿ, ಹಾಗಲ್ಲ. ಗಂಡನ ಅನುಮಾನಕ್ಕೆ ಸಿಕ್ಕಿ, ಕಾಡಿನ ಗುಡಿಸಲಲ್ಲಿ ಒಬ್ಬಳೇ ನರಳಿದ ಹೆಣ್ಣುಮಗಳ ಬಳಿಗೆ ಮಾದಪ್ಪ ಬರುತ್ತಾನೆ. ಆಗ ಹೆಂಗಸರ ಕಡೆಯಿಂದ ಏಳುವ ಉಘೇಯಲ್ಲಿ ಸಂಭ್ರಮಕ್ಕಿಂತ ಕಣ್ಣೀರು ಜಾಸ್ತಿ. ಒಂದೇ ಕೂಗು ಎರಡನ್ನೂ ಹೊರುತ್ತದೆ ಅಲ್ವಾ? ನನಗೆ ಇದು ಪ್ರೀತಿಯಾಗಿರುವುದು ಅದಕ್ಕೇ.

ದೀಪಾವಳಿಗೆ ಬೆಟ್ಟದಲ್ಲಿ ಹಾಲರವಿ ಉತ್ಸವ. ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಾಲಹಳ್ಳದಿಂದ ಕಲಶಗಳಲ್ಲಿ ನೀರು ಹೊತ್ತು ತರುತ್ತಾರೆ. ಸ್ವಾಮಿಗೆ ಆ ನೀರಿನ ಅಭಿಷೇಕ. ದಾರಿಯುದ್ದಕ್ಕೂ ಜನ. ಆಗ ಯಾರ ಗಂಟಲೂ ಸುಮ್ನಿರುವುದಿಲ್ಲ. ತೇರು ಎಳೆಯುವಾಗಲೂ ಅಷ್ಟೇ.

ತಾಳಬೆಟ್ಟದಿಂದ ನಡೆದು ಹತ್ತುವವರಿಗೆ ಇದರ ಇನ್ನೊಂದು ಉಪಯೋಗ ಗೊತ್ತು. ಏರಿನಲ್ಲಿ ಕಾಲು ಸೋತು ಕೂತಾಗ ಮುಂದಿನ ತಿರುವಿನಿಂದ ಗುರುತಿಲ್ಲದವರ ಉಘೇ ಕೇಳಿಸುತ್ತದೆ. ಉತ್ತರ ಕೊಡುತ್ತಾ ಎದ್ದು ನಿಲ್ಲುತ್ತೇವೆ. ಈ ಸಲ ನೀವು ಬಸ್ಸಿನಲ್ಲೋ ಕಾರಿನಲ್ಲೋ ಹೋಗುವವರಾದರೆ ನಡೆದು ಹೋಗುವವರು ಸಿಕ್ಕೇ ಸಿಗುತ್ತಾರೆ. ಕಿಟಕಿ ಇಳಿಸಿ, ಅವರಿಗೆ ಕೇಳಿಸುವ ಹಾಗೆ ಒಂದು ಉಘೇ ಹೇಳಿ ಮುಂದೆ ಹೋಗಿ.