ರಾಯಚೂರಿನಿಂದ ಉಪ್ಪಲ್: ಮ್ಯಾಚ್ ನೋಡಿ ರಾತ್ರಿಯೇ ಊರಿಗೆ ಮರಳುವವರಿಗೆ

ನಮ್ಮ ರಾಯಚೂರಿನ ಹುಡುಗರಿಗೆ ಐಪಿಎಲ್ ಎಂದರೆ ಚಿನ್ನಸ್ವಾಮಿ ಕ್ರೀಡಾಂಗಣವೇ ಕಣ್ಣಮುಂದೆ ಬರುತ್ತದೆ. ಆದರೆ ಬೆಂಗಳೂರು ಇಲ್ಲಿಂದ 400 ಕಿ.ಮೀ. ಮೇಲೆ, ಟಿಕೆಟ್ ಸಿಕ್ಕರೆ ಪುಣ್ಯ. ಹೈದರಾಬಾದಿನ ಉಪ್ಪಲ್‌ನಲ್ಲಿರುವ ರಾಜೀವ್ ಗಾಂಧಿ ಕ್ರೀಡಾಂಗಣಕ್ಕೆ ಅದರ ಅರ್ಧದಷ್ಟೇ ದಾರಿ. ಬೆಳಿಗ್ಗೆ ಹೊರಟರೆ ಸಂಜೆ ಏಳೂವರೆ ಮ್ಯಾಚಿಗೆ ಆರಾಮಾಗಿ ಮುಟ್ಟಬಹುದು. ತಲೆನೋವಿರುವುದು ಹೋಗುವುದರಲ್ಲಲ್ಲ, ಬರುವುದರಲ್ಲಿ.

ಬಸ್ ಶಕ್ತಿನಗರದಲ್ಲಿ ಕೃಷ್ಣೆ ದಾಟಿ, ಮಕ್ತಲ್, ಮೆಹಬೂಬ್‌ನಗರ, ಜಡ್ಚರ್ಲಾ ಮೇಲೆ ಹಾಯ್ದು ಹೈದರಾಬಾದಿನ ದೊಡ್ಡ ಬಸ್ ನಿಲ್ದಾಣವಾದ ಎಂಜಿಬಿಎಸ್‌ಗೆ ಬಿಡುತ್ತದೆ. ಅಲ್ಲಿ ಆಟೋದವರ ಜೊತೆ ಚೌಕಾಶಿಗೆ ಇಳಿಯಬೇಡಿ. ನಿಲ್ದಾಣದ ಪಕ್ಕದಲ್ಲೇ ಮೆಟ್ರೋ ಇದೆ. ಹಸಿರು ಮಾರ್ಗದಲ್ಲಿ ಪರೇಡ್ ಗ್ರೌಂಡ್‌ವರೆಗೆ ಹೋಗಿ, ನಾಗೋಲ್ ಕಡೆಯ ನೀಲಿ ಮಾರ್ಗಕ್ಕೆ ಬದಲಿಸಿ. ಇಳಿಯುವ ಸ್ಟೇಷನ್ನಿನ ಹೆಸರೇ ‘ಸ್ಟೇಡಿಯಂ’. ರೈಲು ಬೇಕೆನ್ನುವವರಿಗೆ ಕೃಷ್ಣಾ–ದೇವರಕದ್ರಾ ಹೊಸ ಮಾರ್ಗದಲ್ಲಿ ಹೈದರಾಬಾದಿನ ಕಾಚಿಗುಡ ನಿಲ್ದಾಣಕ್ಕೆ 2023ರ ಅಕ್ಟೋಬರ್‌ನಲ್ಲಿ ಗಾಡಿ ಶುರುವಾಗಿದೆ. ಸಮಯ ಮ್ಯಾಚಿಗೆ ಹೊಂದುತ್ತದೆಯೇ ನೋಡಿಕೊಂಡು ಹೊರಡಿ. ಕಾರಿನಲ್ಲಿ ಹೋಗುವವರು ಉಪ್ಪಲ್ ಒಳಗೆ ನುಗ್ಗದೆ, ನಾಗೋಲ್ ಮೆಟ್ರೋ ಬಳಿ ಗಾಡಿ ನಿಲ್ಲಿಸಿ ಎರಡು ಸ್ಟೇಷನ್ ಮೆಟ್ರೋದಲ್ಲಿ ಹೋಗುವುದು ವಾಸಿ.

ಗೇಟಿನಲ್ಲಿ ಬ್ಯಾಗು, ನೀರಿನ ಬಾಟಲಿ, ಪವರ್ ಬ್ಯಾಂಕ್, ಲೈಟರ್, ಸೆಂಟು ಯಾವುದನ್ನೂ ಬಿಡುವುದಿಲ್ಲ. ನಮ್ಮ ಮುಂದಿದ್ದವರೊಬ್ಬರ ಜೇಬಿನಿಂದ ಪೆನ್ನನ್ನೂ ತೆಗೆಸಿದರು. ಮೊಬೈಲು, ಪರ್ಸು ಸಾಕು. ಫೋನನ್ನು ಪೂರ್ತಿ ಚಾರ್ಜ್ ಮಾಡಿಕೊಳ್ಳಿ, ಟಿಕೆಟಿನ ಸ್ಕ್ರೀನ್‌ಶಾಟ್ ಇರಲಿ. ಒಳಗೆ ತಿಂಡಿ ದುಬಾರಿ, ರುಚಿಯೂ ಅಷ್ಟಕ್ಕಷ್ಟೆ. ಹೊಟ್ಟೆ ತುಂಬಿಸಿಕೊಂಡೇ ಹೋಗಿ. ಮಧ್ಯಾಹ್ನ ಮೂರೂವರೆ ಮ್ಯಾಚಾದರೆ ಪಶ್ಚಿಮದ ಸ್ಟ್ಯಾಂಡ್ ಹಿಡಿಯಿರಿ, ನೆರಳು ಬೇಗ ಸಿಗುತ್ತದೆ. ರಾಯಚೂರಿನವರಿಗೆ ಬಿಸಿಲಿನ ಪಾಠ ಬೇಕಿಲ್ಲ, ಆದರೂ ಕಣ್ಣಿಗೆ ನೇರ ಹೊಡೆದರೆ ಚೆಂಡು ಕಾಣುವುದಿಲ್ಲ.

ನಾವು ನೋಡಿದ್ದು 2023ರ ಮೇ 18ರ ಆರ್‌ಸಿಬಿ–ಸನ್‌ರೈಸರ್ಸ್ ಪಂದ್ಯ. ಮೊದಲು ಹೈದರಾಬಾದ್ ತಂಡ ಸನ್‌ರೈಸರ್ಸ್‌ನ ಕ್ಲಾಸೆನ್ 104 ಹೊಡೆದರು, ಆಮೇಲೆ ಕೊಹ್ಲಿ 100. ಸಿಕ್ಸರ್ ಎತ್ತಿ ಕೊಹ್ಲಿ ಶತಕ ಮುಟ್ಟಿದಾಗ ನಮ್ಮ ಮುಂದಿನ ಸಾಲಿನಲ್ಲಿ ಸನ್‌ರೈಸರ್ಸ್‌ನ ಕಿತ್ತಳೆ ಬಾವುಟ ಹಿಡಿದಿದ್ದವನು ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಚಪ್ಪಾಳೆ ಹೊಡೆದ. ನಾವು ಕನ್ನಡದಲ್ಲಿ ಕೂಗುತ್ತಿದ್ದರೆ ಯಾರೂ ತಿರುಗಿ ನೋಡಲಿಲ್ಲ. ಸುತ್ತಮುತ್ತ ಆರ್‌ಸಿಬಿಯ ಕೆಂಪು ಜರ್ಸಿಗಳೇ.

ಬೌಲರ್‌ಗಳ ಅಭಿಮಾನಿಗಳು ಟಿ20ಗೆ ಇಲ್ಲಿ ಎದೆ ಗಟ್ಟಿ ಮಾಡಿಕೊಂಡು ಹೋಗಬೇಕು. 2024ರ ಅಕ್ಟೋಬರ್‌ನಲ್ಲಿ ಭಾರತ ಬಾಂಗ್ಲಾದೇಶದ ಮೇಲೆ 6 ವಿಕೆಟ್‌ಗೆ 297 ಬಾರಿಸಿದ್ದು ಇಲ್ಲೇ. 2009ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಸಚಿನ್ 175 ಹೊಡೆದೂ 3 ರನ್‌ಗಳಿಂದ ಸೋತದ್ದೂ ಇದೇ ಮೈದಾನ. ಇಂದಿಗೂ ನನಗೆ ಹೊಟ್ಟೆ ಉರಿಯುತ್ತದೆ. ಟೆಸ್ಟ್‌ನ ಕಥೆಯೇ ಬೇರೆ. 2024ರ ಜನವರಿಯಲ್ಲಿ ಇಂಗ್ಲೆಂಡ್‌ನ ಹೊಸಬ ಸ್ಪಿನ್ನರ್ ಹಾರ್ಟ್ಲಿ ಕೊನೆಯ ಇನಿಂಗ್ಸ್‌ನಲ್ಲಿ 7 ವಿಕೆಟ್ ಕಿತ್ತು ನಮ್ಮನ್ನು 28 ರನ್‌ಗಳಿಂದ ಸೋಲಿಸಿದ. ಮಕ್ಕಳನ್ನು ಕರೆದೊಯ್ಯುವವರಿಗೆ ನನ್ನ ಸಲಹೆ ಟೆಸ್ಟೇ: ನೂಕುನುಗ್ಗಲು ಕಡಿಮೆ, ಸಂಜೆಯೇ ಬಸ್ ಹತ್ತಬಹುದು.

ಇನ್ನು ವಾಪಸಾತಿ. ರಾತ್ರಿ ಮ್ಯಾಚ್ ಮುಗಿಯುವುದು ಹನ್ನೊಂದರ ಮೇಲೆ. ಎಲ್ಲರೂ ಸ್ಟೇಡಿಯಂ ಸ್ಟೇಷನ್ನಿಗೇ ನುಗ್ಗುತ್ತಾರೆ. ನೀವು ಹಿಂದಕ್ಕೆ ಉಪ್ಪಲ್ ಸ್ಟೇಷನ್ನಿಗೆ ನಡೆದು ಹತ್ತಿ; ನಾಗೋಲ್‌ನಿಂದ ಹೊರಟ ಗಾಡಿ ಮೊದಲು ಅಲ್ಲಿಗೆ ಬರುವುದರಿಂದ ನಿಲ್ಲಲಾದರೂ ಜಾಗ ಸಿಗುತ್ತದೆ. ಮ್ಯಾಚ್ ದಿನ ಮೆಟ್ರೋ ಸಮಯ ಸಾಮಾನ್ಯವಾಗಿ ವಿಸ್ತರಿಸುತ್ತಾರೆ, ಆದರೂ ಆ ದಿನದ ಪ್ರಕಟಣೆ ನೋಡಿಕೊಳ್ಳಿ. ಮೆಟ್ರೋ ಟಿಕೆಟನ್ನು ಬರುವಾಗಿನದ್ದೂ ಸೇರಿಸಿ ಮೊದಲೇ ತೆಗೆದಿಟ್ಟುಕೊಳ್ಳಿ. ಎಂಜಿಬಿಎಸ್‌ನಿಂದ ರಾತ್ರಿ ಒಂದು ಗಂಟೆ ದಾಟಿದ ಮೇಲೆ ಹೊರಡುವ ರಾಯಚೂರು ಬಸ್ಸಿಗೆ ಸೀಟು ಕಾಯ್ದಿರಿಸಿ. ಹನ್ನೆರಡರ ಬಸ್ ಹಿಡಿಯುತ್ತೇನೆಂದು ಹೊರಟವರು ಕೊನೆಯ ಓವರ್ ನೋಡದೆ ಎದ್ದು ಬರಬೇಕಾಗುತ್ತದೆ.